ಜಗಲಿಯ ಮೇಲಿನ ಕೀಲಿಕೈ

ಚಾಟಿ ಗಲ್ಲಿ, ಸೊಲ್ಲಾಪುರ
೬ ಅಕ್ಟೋಬರ್ ೧೯೭೭

ಸಾತಲಿಂಗಪ್ಪನಿಗೆ,

ಈ ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದಾರೆ. ನಾನೊಬ್ಬಳು ಸಿಟ್ಟಿನಲ್ಲಿದ್ದೇನೆ. ಅದಕ್ಕೇ ಈ ಕಾಗದ.

ನಿನ್ನೆ ಸಮಾಜ ಕಲ್ಯಾಣ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದಳು. ಲೀಲಾಬಾಯಿ ಪಾಠಕ ಎಂದು ಹೆಸರು. ಹೆಗಲಿಗೆ ಚೀಲ, ಕಾಲಿಗೆ ಗಂಡಸರ ಚಪ್ಪಲಿ. ಅಕ್ಕಲಕೋಟದ ನಮ್ಮ ಗಿರಿಜಾಬಾಯಿ ಮಹಿಳಾ ಆಶ್ರಮವನ್ನು ನೋಡಿ ಬಂದಿದ್ದಾಳಂತೆ. ಅದು ನಿನ್ನ ಅಣ್ಣ ತನ್ನ ತಾಯಿಯ ಹೆಸರಿನಲ್ಲಿ ಮಾಡಿದ ಆಶ್ರಮ, ಗತಿಯಿಲ್ಲದ ಹೆಣ್ಣುಮಕ್ಕಳಿಗೆ ಹದಿನೆಂಟು ವರ್ಷದಿಂದ ಅನ್ನ ಹಾಕುತ್ತಿರುವ ಜಾಗ, ಅವರು ಹೋದ ಮೇಲೆ ಅಧ್ಯಕ್ಷಳು ನಾನು, ದಿನನಿತ್ಯ ನೋಡಿಕೊಳ್ಳುವವನು ನನ್ನ ಮೈದುನನಾದ ನೀನು ಎಂದೆಲ್ಲ ಅವಳಿಗೆ ಹೇಳಿದೆ. ತಲೆಯಾಡಿಸುತ್ತ ಕೇಳಿದಳು.

“ಅನ್ನ ಚಲೋ ಐತ್ರಿ,” ಎಂದಳು. ಅರ್ಧ ಮರಾಠಿ, ಅರ್ಧ ನಮ್ಮ ಕನ್ನಡ. “ಆದರ ಸಂಜೀಕ ಹೊರಗಿಂದ ಕೀಲಿ ಯಾಕ ಹಾಕ್ತೀರಿ?”

“ನಿಮ್ಮ ಮನಿ ಬಾಗಲಿಗೆ ಕೀಲಿ ಇಲ್ಲೇನ್ರಿ?”

“ಐತ್ರಿ. ಒಳಗಿಂದ ಐತಿ.”

ಬಾಯಿ ಚುರುಕಾಗಿದೆ. ಕೀಲಿಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿದಳು. ನಿನ್ನ ಮನೆಯಲ್ಲಿ ಎಂದು ಹೇಳಿ ನಮ್ಮ ಮನೆತನದ ಪದ್ಧತಿಯನ್ನು ವಿವರಿಸಿದೆ. ದೀಪ ಹಚ್ಚುವ ಹೊತ್ತಿಗೆ ಆಶ್ರಮದ್ದೂ ಸೇರಿ ಎಲ್ಲ ಗೋದಾಮುಗಳ ಕೀಲಿಕೈ ಮನೆಗೆ ಬರಬೇಕು, ದೇವರ ಜಗಲಿಯ ಮೇಲೆ ಕೂಡಬೇಕು, ಬೆಳಗಿನ ಪೂಜೆ ಆಗುವತನಕ ಅದನ್ನು ಯಾರೂ ಮುಟ್ಟಬಾರದು. ನಾನು ಸೊಸೆಯಾಗಿ ಬಂದ ದಿನ ಮಾವನವರು ಹೇಳಿದ ಮೊದಲ ಮಾತು ಇದು. ಇಷ್ಟು ವರ್ಷದಲ್ಲಿ ಆ ಕೀಲಿಕೈ ಕಳ್ಳನಿಗೂ ಸಿಕ್ಕಿಲ್ಲ, ಮನೆಯ ಮಕ್ಕಳಿಗೂ ಸಿಕ್ಕಿಲ್ಲ. ನಿನ್ನ ಹೆಂಡತಿ ರತ್ನಾಬಾಯಿಗೂ ನಾನು ಅದನ್ನೇ ಕಲಿಸಿ ಕಳಿಸಿದ್ದೇನೆ.

“ಅದು ಗೋದಾಮಿಗೆ ಆತಲ್ರಿ. ಇವರು ಮನಷ್ಯಾರು. ಆಗ ಲಾಗಲೀ ತರ?” ಎಂದಳು. ಬೆಂಕಿ ಹತ್ತಿದರೆ ಏನು ಮಾಡುತ್ತೀರಿ ಎಂದು.

“ಹದಿನೆಂಟ ವರ್ಷ ಹತ್ತಿಲ್ಲ. ನೀವು ಬಂದೀರಂತ ಹತ್ತತೈತೇನು?”

ಚೀಲದಿಂದ ನೋಟೀಸು ತೆಗೆದು ಕೊಟ್ಟಳು. ಇರುವವರ ಜೀವಕ್ಕೆ ಅಪಾಯವಿದ್ದರೆ ಆಶ್ರಮದ ಮಾನ್ಯತೆ ರದ್ದು ಮಾಡಿ ಬಾಗಿಲು ಮುಚ್ಚಿಸುವ ಅಧಿಕಾರ ಸರಕಾರಕ್ಕಿದೆಯಂತೆ. ನಾವು ತಿಂಗಳೊಳಗೆ ಉತ್ತರ ಕೊಡಬೇಕಂತೆ. ನಾನು ಚಹಾ ಕೊಡಿಸಲಿಲ್ಲ.

ನೀನು ವಕೀಲರಿಂದ ಉತ್ತರ ಬರೆಸು. ಹೆಣ್ಣುಮಕ್ಕಳ ಮಾನ ಕಾಯಲು ಹಾಕುವ ಕೀಲಿ ಅದು, ಅದು ಇರುತ್ತದೆ ಎಂದು ಸ್ಪಷ್ಟವಾಗಿ ಹೇಳು. ಇನ್ನೊಂದು ಮಾತು. ಬಾಗಿಲ ಒಳಪಕ್ಕದಲ್ಲಿ ಹತ್ತಿಯ ದೊಡ್ಡ ಮೂಟೆಗಳನ್ನು, ಅಂಡಿಗೆಗಳನ್ನು, ಒಟ್ಟಿದ್ದಾರೆ ಎಂದು ನೋಟೀಸಿನಲ್ಲಿದೆ. ಹೆಂಗಸರು ದೀಪದ ಬತ್ತಿ ಹೊಸೆಯಲು ಒಂದು ಚೀಲ ಹತ್ತಿ ಸಾಕು. ಅಂಡಿಗೆಗಳು ನಿನ್ನ ಅಂಗಡಿಯವಾದರೆ ತೆಗೆಸು. ಸರಕಾರಕ್ಕೆ ನಮ್ಮತ್ತ ಬೆರಳು ಮಾಡಲು ನಾವೇ ಜಾಗ ಕೊಡಬಾರದು.

ಅಕ್ಕನಾಗಮ್ಮ


ಅಕ್ಕಲಕೋಟ
೨೮ ಅಕ್ಟೋಬರ್ ೧೯೭೭

ಪೂಜ್ಯ ವೈನಿಯವರಿಗೆ ಸಾತಲಿಂಗಪ್ಪ ಕೈಮುಗಿದು ಬರೆಯುವುದು,

ನಿಮ್ಮ ಕಾಗದ ತಲುಪಿ ಬಹಳ ದಿನವಾಯಿತು. ಶೇಂಗಾ ಖರೀದಿಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು, ಕ್ಷಮಿಸಬೇಕು.

ನೋಟೀಸಿನ ಚಿಂತೆ ಬಿಡಿ. ವಕೀಲರು ಒಳ್ಳೆಯ ಮರಾಠಿಯಲ್ಲಿ ಉತ್ತರ ಬರೆದುಕೊಟ್ಟರು. ಕೀಲಿಯ ವಿಷಯದಲ್ಲಿ ಅಧ್ಯಕ್ಷರ ಅಭಿಪ್ರಾಯ ಏನು ಎಂಬುದನ್ನು ನಿಮ್ಮ ಮಾತಿನಲ್ಲೇ ಸೇರಿಸಿದ್ದೇನೆ. ನಮ್ಮ ಪರಿಚಯದವರು ಪುಣೆಯ ಕಚೇರಿಗೆ ಫೋನು ಮಾಡಿದ್ದಾರೆ. ಆ ಹೆಂಗಸಿಗೆ ಬೇರೆ ಊರಿಗೆ ಬದಲಿ ಆದರೂ ಆಗಬಹುದು. ಅವಳು ನಾಲ್ಕು ಊರು ತಿರುಗಿ ಬಂದವಳೇ ಅಂತೆ, ಎಲ್ಲಿಯೂ ಯಾರಿಗೂ ಬೇಕಾಗಲಿಲ್ಲವಂತೆ.

ಕಳೆದ ವಾರ ಒಂದು ಸಂಜೆ ಕರೆಂಟು ಹೋಗಿ ಆಶ್ರಮದಲ್ಲಿ ಸ್ವಲ್ಪ ಹೊಗೆ ಆಗಿತ್ತು. ಹೆಂಗಸರೇ ಆರಿಸಿಕೊಂಡರು. ಒಬ್ಬಿಬ್ಬರ ಕೈಗೆ ಬಿಸಿ ತಾಗಿದೆ, ಔಷಧ ಕೊಡಿಸಿದ್ದೇನೆ. ಗೋದೂಬಾಯಿ ಎಂಬ ಮುದುಕಿ ತೀರಿಕೊಂಡಳು. ಅದು ಬೇರೆ ವಿಷಯ. ಅವಳಿಗೆ ಮೊದಲಿನಿಂದ ದಮ್ಮು ಇತ್ತು. ಯಾರೂ ಬೆರಳು ಮಾಡದಂತೆ ಮಣ್ಣು ಚೆನ್ನಾಗಿ ಮಾಡಿಸಿದೆ.

ಈ ಸಲ ದೀಪಾವಳಿಗೆ ನೀವು ಬಸ್ಸಿನಲ್ಲಿ ಬಂದು ತೊಂದರೆ ತೆಗೆದುಕೊಳ್ಳಬೇಡಿ. ಮೊಣಕಾಲು ನೋಯುತ್ತದೆ ಎಂದು ನಿಮ್ಮ ಮಗ ಬಸವರಾಜ ಹೇಳುತ್ತಿದ್ದ. ಹೆಂಗಸರ ಸೀರೆಗಳನ್ನು ಅವನ ಕೈಯಲ್ಲಿ ಕಳಿಸಿದರೆ ನಾನೇ ಹಂಚುತ್ತೇನೆ.

ನಿಮ್ಮ ಮಾತು ಮೀರದ,
ಸಾತಲಿಂಗಪ್ಪ


ಚಾಟಿ ಗಲ್ಲಿ, ಸೊಲ್ಲಾಪುರ
೧೬ ನವೆಂಬರ್ ೧೯೭೭

ಸಾತಲಿಂಗಪ್ಪನಿಗೆ,

ಬರಬೇಡಿ ಎಂದು ಬರೆದೆ. ಅದಕ್ಕೇ ಬಂದೆ. ನೀನು ಕಲಬುರ್ಗಿಗೆ ಹೋಗಿದ್ದೆ ಎಂದು ಅಲ್ಲಿಗೆ ಬಂದ ಮೇಲೆ ತಿಳಿಯಿತು.

ಆಶ್ರಮದ ಬಾಗಿಲಿಗೆ ಹೊಸ ಬಣ್ಣ ಬಳಿಸಿದ್ದೀಯ. ಹಸಿರು. ಉಗುರಿನಿಂದ ಕೆರೆದು ನೋಡಿದೆ. ಕೆಳಗೆ ಕಟ್ಟಿಗೆ ಇದ್ದಿಲಾಗಿದೆ. ಮೊಣಕಾಲಿನಿಂದ ಎದೆಯ ಮಟ್ಟದವರೆಗೆ ಎಲ್ಲಿ ಕೆರೆದರೂ ಇದ್ದಿಲು. ಅಂಡಿಗೆಗಳು ಹೋಗಿವೆ ಎಂದುಕೊಂಡರೆ ಇಲ್ಲ, ಹೊಸವು ಬಂದಿವೆ. ಬಾಗಿಲಿನಿಂದ ನಾಲ್ಕು ಮೊಳ ಒಳಗೆ ಸರಿಸಿ ಒಟ್ಟಿಸಿದ್ದೀಯ.

ಸೀರೆ ಹಂಚುವಾಗ ಒಬ್ಬರೂ ಮುಖ ಎತ್ತಲಿಲ್ಲ. ಪ್ರತಿ ವರ್ಷ ಇದೇ ಬಣ್ಣ ಯಾಕೆ, ಅಂಚು ಯಾಕೆ ಸಣ್ಣದು ಎಂದು ಜಗಳ ತೆಗೆಯುವವರು. ತಡವಳದ ಗುರುಲಿಂಗಮ್ಮ, ನೀನು ಬಾಯಿಬಡುಕಿ ಎಂದು ಬೈಯುತ್ತಿದ್ದೆಯಲ್ಲ, ಅವಳು ಸೀರೆಯನ್ನು ಅಂಗೈಯಲ್ಲಿ ಹಿಡಿಯದೆ ಮೊಳಕೈ ಮೇಲೆ ಹಾಕಿಸಿಕೊಂಡಳು. ಎರಡೂ ಅಂಗೈಗೆ ಅರಿವೆ ಸುತ್ತಿತ್ತು.

“ಕೈಗೇನಾತು?”

“ಮೆಂದಿ ಹಚ್ಚೀನ್ರಿ. ದೀಪಾವಳಿ ಅಲ್ಲೇನು?”

ಇಬ್ಬರು ಮುದುಕಿಯರು ನಕ್ಕರು. ನನ್ನ ಮುಖ ನೋಡಿ ನಗೆ ನುಂಗಿಕೊಂಡರು.

“ನೆಟ್ಟಗ ಹೇಳು, ಗುರುಲಿಂಗವ್ವ.”

“ಏನ್ ಹೇಳಲ್ರಿ? ಕರೆಂಟ್ ಹೋತು. ಗೋದೂ ಚಿಮಣಿ ಹಚ್ಚಾಕ ಹೋದ್ಲು. ಆಕಿ ಕೈ ಮೊದಲ ನಡಗತಿತ್ತು. ಚಿಮಣಿ ಜಾರಿ ಅಂಡಿಗಿ ಮ್ಯಾಲ ಬಿತ್ತು. ಬಾಗಲದಾಗ ಬೆಂಕಿ, ಬಾಗಲಾಚಿ ಕೀಲಿ. ಎಲ್ಲಾರೂ ಒದರಿದ್ವಿ. ಹೊರಗ ಮಂದಿ ಕೂಡ್ತು, ಗೋದಾಮಿನ ಕೀಲಿ ಒಡ್ಯಾಕ ಬರಲಿಲ್ಲ. ಕೀಲಿಕೈ ತರಾಕ ಹೋಗ್ಯಾರ, ಈಗ ಬಂದ್ರು, ಈಗ ಬಂದ್ರು ಅಂತ ಕಾದ್ವಿ. ಬರಲೇ ಇಲ್ಲ. ಆಮ್ಯಾಲ ಅಂಡಿಗಿ ನಾವ ಜಗ್ಗಿದ್ವಿ, ಕುಡಿಯೋ ನೀರ ತಂದು ಸುರುವಿದ್ವಿ.”

“ಗೋದೂಬಾಯಿ?”

“ಹೊಗಿ ಕುಡದ್ಲು, ಅಷ್ಟ. ಎಂದೂ ಎರಡನೇ ರೊಟ್ಟಿ ಕೇಳಿ ಉಂಡಾಕಿ ಅಲ್ರಿ ಆಕಿ. ಹೊಗಿ ಮಾತ್ರ ಹೊಟ್ಟಿ ತುಂಬ ಕುಡದ್ಲು.”

ಅಲ್ಲಿಂದ ನಿನ್ನ ಮನೆಗೆ ಹೋದೆ. ರತ್ನಾಬಾಯಿ ಕಾಲಿಗೆ ನೀರು ಕೊಟ್ಟಳು. ಕೀಲಿಕೈ ಯಾಕೆ ಕೊಡಲಿಲ್ಲ ಎಂದು ಕೇಳಿದೆ. ನೀನು ಅಂಗಡಿಯಲ್ಲಿ ಇರಲಿಲ್ಲವಂತೆ. ಆಳು ನಿನ್ನನ್ನು ಹುಡುಕಿ ಪೇಟೆಯೆಲ್ಲ ತಿರುಗಿದನಂತೆ. ಓಣಿಯ ಮಂದಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದರಂತೆ. ಇವಳು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳಂತೆ. ಕೀಲಿಕೈ ಕಣ್ಣೆದುರಿಗೇ ಜಗಲಿಯ ಮೇಲಿತ್ತು.

“ಅಕ್ಕಾರ, ನಾ ಕೈ ಮುಂದ ಮಾಡಿದ್ನಿರಿ,” ಎಂದಳು. “ನಿಮ್ಮ ಮಾರಿ ನೆನಪಾತು. ಹಿಂದಕ್ಕ ತಗೊಂಡ್ನಿ.”

ಇದರ ಬಗ್ಗೆ ನಿನಗೆ ಬರೆಯುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಬರೆಯಬೇಕಾದ್ದು ಇಷ್ಟು. ಈ ಸೋಮವಾರದೊಳಗೆ ಅಂಡಿಗೆಗಳು ಅಲ್ಲಿಂದ ಹೋಗಬೇಕು. ಹೊರಗಿನ ಕೀಲಿಯನ್ನೂ ಕೊಂಡಿಯನ್ನೂ ಕಿತ್ತು ಒಳಗಿನಿಂದ ಅಗಳಿ ಹಾಕಿಸು. ಹಿಂದಿನ ಗೋಡೆ ಒಡೆದು ಇನ್ನೊಂದು ಬಾಗಿಲು ಇಡಿಸು. ಶೇಂಗಾ ಇಡಲು ಕಟ್ಟಿದ ಗೋದಾಮು ಅದು. ಬೆಳಕಿಂಡಿ ಆಳೆತ್ತರಕ್ಕಿಂತ ಮೇಲಿದೆ, ಬಾಗಿಲು ಒಂದೇ. ಶೇಂಗಾ ಓಡಬೇಕಾಗಿರಲಿಲ್ಲ.

ಅಕ್ಕನಾಗಮ್ಮ


ಅಕ್ಕಲಕೋಟ
೩ ಡಿಸೆಂಬರ್ ೧೯೭೭

ಪೂಜ್ಯ ವೈನಿಯವರಿಗೆ,

ನೀವು ಸಿಟ್ಟಿನಲ್ಲಿ ಬರೆದಿದ್ದೀರಿ. ತಣ್ಣಗಾಗಲೆಂದು ಕೆಲ ದಿನ ಬಿಟ್ಟು ಉತ್ತರ ಬರೆಯುತ್ತಿದ್ದೇನೆ.

ಎರಡು ಬಕೆಟ್ ಉಸುಕು ಇಡಿಸಿದ್ದೇನೆ. ಚಿಮಣಿ ಹಚ್ಚಬಾರದೆಂದು ತಾಕೀತು ಮಾಡಿದ್ದೇನೆ. ಗೋಡೆ ಒಡೆಯಲು ಆಗುವುದಿಲ್ಲ, ಆಚೆ ಕಡೆ ಬೇರೆಯವರ ಜಾಗ. ಅಂಡಿಗೆಗಳನ್ನು ಹಂಗಾಮು ಮುಗಿದ ಮೇಲೆ ನೋಡೋಣ. ಕೀಲಿ ತೆಗೆಯುವ ವಿಷಯವನ್ನು ಟ್ರಸ್ಟಿನ ಸಭೆಯಲ್ಲಿಟ್ಟೆ. ನಾಲ್ವರು ಟ್ರಸ್ಟಿಗಳೂ ಬೇಡ ಎಂದರು. ಒಬ್ಬಳು ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋಗಿ ಏನಾದರೂ ಆದರೆ ಊರು ಆಡುವುದು ನಮ್ಮ ಅವ್ವನ ಹೆಸರನ್ನು. ಅಧ್ಯಕ್ಷರೇ ಆದರೂ ನಿಮ್ಮದು ಒಂದೇ ಮತ ಎಂದು ಅವರು ಹೇಳಿದರು. ನಾನು ಹೇಳಿದ್ದಲ್ಲ.

ವೈನಿ, ಸಣ್ಣ ಬಾಯಿಂದ ದೊಡ್ಡ ಮಾತು. ಜಗಲಿಯ ಕೀಲಿಕೈ ಮುಟ್ಟಬಾರದು ಎಂದು ರತ್ನಾಗೆ ಕಲಿಸಿದವರು ನೀವು. ಕೀಲಿ ಇರುತ್ತದೆ ಎಂದು ಅಕ್ಟೋಬರಿನಲ್ಲಿ ಬರೆದವರು ನೀವು. ಆ ಮಾತು ಸರಕಾರದ ಫೈಲಿನಲ್ಲಿ ನಿಮ್ಮ ಹೆಸರಿನಲ್ಲಿದೆ. ಈಗ ನೀವೇ ಎದ್ದು ನಿಂತು ಕೂಗಿದರೆ ಮಂದಿ ಯಾರನ್ನು ನೋಡಿ ನಗುತ್ತಾರೆ?

ಇನ್ನು ಸರಕಾರ ಮುಚ್ಚುತ್ತದೆ ಎಂಬ ಭಯ ಬೇಡ. ಫೈಲು ಎಲ್ಲಿದೆ ಎಂದು ನನಗೆ ಗೊತ್ತು, ಅದು ಅಲ್ಲಿಂದ ಏಳುವುದಿಲ್ಲ. ಎದ್ದರೂ ಆ ಮುದುಕಿಯರು ಎಲ್ಲಿಗೆ ಹೋಗುತ್ತಾರೆ? ಸ್ವಾಮಿಗಳ ಮಠದ ಮುಂದೆ ತಟ್ಟೆ ಹಿಡಿದು ಕೂಡುತ್ತಾರೆ. ನಿಮಗೆ ಅದು ಬೇಕೇ?

ಸಾತಲಿಂಗಪ್ಪ


ಚಾಟಿ ಗಲ್ಲಿ, ಸೊಲ್ಲಾಪುರ
೯ ಡಿಸೆಂಬರ್ ೧೯೭೭

ಲೀಲಾಬಾಯಿ ಪಾಠಕ ಅವರಿಗೆ,

ನಾನು ಅಕ್ಕನಾಗಮ್ಮ. ಗಿರಿಜಾಬಾಯಿ ಆಶ್ರಮದ ಅಧ್ಯಕ್ಷಳು. ನೀವು ನನ್ನ ಮನೆಗೆ ಬಂದಾಗ ಚಹಾ ಕೊಡಿಸಿರಲಿಲ್ಲ, ನೆನಪಿರಬಹುದು. ಮರಾಠಿ ಮಾತಾಡುತ್ತೇನೆ, ಆದರೆ ಮ್ಯಾಟ್ರಿಕ್‌ವರೆಗೆ ಕಲಿತದ್ದು ಕನ್ನಡದಲ್ಲಿ. ತಪ್ಪಿಲ್ಲದೆ ಬರೆಯಬೇಕಾದ ಮಾತಾದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಓದುವವರು ಇದ್ದಾರೆ ಎಂದು ವಿಚಾರಿಸಿಕೊಂಡಿದ್ದೇನೆ.

ಬೆಂಕಿ ಹತ್ತಿದರೆ ಏನು ಮಾಡುತ್ತೀರಿ ಎಂದು ನೀವು ಕೇಳಿದಿರಿ. ಹತ್ತಿತು. ನೀವು ಬಂದು ಹೋದ ಅದೇ ತಿಂಗಳಲ್ಲಿ. ಬಾಗಿಲು ಹೊರಗಿನಿಂದ ಹಾಕಿತ್ತು. ಕೀಲಿಕೈ ನನ್ನ ಮೈದುನನ ಮನೆಯಲ್ಲಿ ದೇವರ ಜಗಲಿಯ ಮೇಲಿತ್ತು, ಯಾರೂ ಅದನ್ನು ತೆಗೆಯಲಿಲ್ಲ. ಗೋದೂಬಾಯಿ ಎಂಬವಳು ಹೊಗೆ ಕುಡಿದು ಸತ್ತಳು. ದಮ್ಮಿನಿಂದ ಸತ್ತಳು ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದು ಸುಳ್ಳು. ಗುರುಲಿಂಗಮ್ಮ ಎಂಬವಳ ಎರಡೂ ಅಂಗೈ ಸುಟ್ಟಿವೆ. ಅವಳೂ ಸೇರಿ ಇಪ್ಪತ್ತೆರಡು ಹೆಂಗಸರನ್ನು ಅಂಥದೇ ಅಂಡಿಗೆಗಳ ಪಕ್ಕದಲ್ಲಿ, ಅದೇ ಬಾಗಿಲ ಹಿಂದೆ, ಈ ಸಂಜೆಯೂ ಕೂಡಿ ಹಾಕುತ್ತಾರೆ.

ಕೀಲಿ ಇರಬೇಕು ಎಂದು ನನ್ನ ಹೆಸರಿನಲ್ಲಿ ನಿಮಗೆ ಬಂದಿರುವ ಉತ್ತರ ನಿಜವಾಗಿಯೂ ನನ್ನದೇ. ಅದನ್ನು ಇಂದು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಕೀಲಿ ತೆಗೆಸಿ ಎಂದು ನನ್ನ ಮನೆಯವರಿಗೆ ಹೇಳಿದೆ, ಕೇಳಲಿಲ್ಲ. ಟ್ರಸ್ಟಿನಲ್ಲಿ ನನ್ನದು ಒಂದು ಮತ. ನಿಮಗೆ ಮತ ಬೇಕಾಗಿಲ್ಲ. ಮುಚ್ಚುವ ಅಧಿಕಾರ ಸರಕಾರಕ್ಕಿದೆ ಎಂದು ನನ್ನ ಎದುರು ಕೂತು ನೀವೇ ಹೇಳಿದ್ದೀರಿ. ನೋಟೀಸು ಕೊಟ್ಟು ಎರಡು ತಿಂಗಳಾಯಿತು. ಆ ಅಧಿಕಾರ ಯಾವ ಜಗಲಿಯ ಮೇಲಿದೆ? ಅದನ್ನು ಮುಟ್ಟಲು ನೀವು ಯಾರ ಮುಖಕ್ಕೆ ಹೆದರುತ್ತಿದ್ದೀರಿ?

ಅಕ್ಕನಾಗಮ್ಮ


ಸೊಲ್ಲಾಪುರ
೪ ಜನವರಿ ೧೯೭೮

ಮಾನ್ಯ ಅಕ್ಕನಾಗಮ್ಮನವರಿಗೆ,

ಇದು ಕಚೇರಿಯ ಪತ್ರವಲ್ಲ, ಹೊರಹೋಗುವ ಕಾಗದಕ್ಕೆ ಹಾಕುವ ಜಾವಕ ನಂಬರು ಇಲ್ಲ. ನಾನು ಹೇಳುತ್ತಿದ್ದೇನೆ, ನಮ್ಮ ಗುಮಾಸ್ತ ನಾಗೇಶ ಕನ್ನಡದಲ್ಲಿ ಬರೆಯುತ್ತಿದ್ದಾರೆ.

ನಿಮ್ಮ ಪತ್ರ ಓದಿಸಿಕೊಂಡ ದಿನ ನನಗೂ ಸಿಟ್ಟು ಬಂತು. ನಂತರ ನೀವು ಕೇಳಿದ್ದು ಸರಿ ಎನ್ನಿಸಿತು. ಆದೇಶ ನವೆಂಬರಿನಲ್ಲೇ ಬರೆದಿಟ್ಟಿದ್ದೇನೆ. ಮೇಲಿನವರ ಸಹಿ ಆಗಿಲ್ಲ. ಫೋನುಗಳು ಬರುತ್ತಿವೆ. ನಿಮ್ಮ ಮನೆತನದ ದಾನಧರ್ಮದ ಬಗ್ಗೆ ನನಗೆ ಪಾಠ ಹೇಳುತ್ತಾರೆ. ಬೆಂಕಿಯ ವಿಷಯ ತೆಗೆದರೆ ಸಾಕ್ಷಿ ಎಲ್ಲಿ ಎನ್ನುತ್ತಾರೆ. ನಾನು ವಿಚಾರಣೆಗೆ ಹೋದಾಗ ಹೆಂಗಸರು ಬಾಯಿ ಬಿಡಲಿಲ್ಲ. ನಿಮ್ಮ ಮೈದುನರು ಪಕ್ಕದಲ್ಲೇ ನಿಂತಿದ್ದರು. ಕೀಲಿಕೈ ಇದ್ದೂ ಕೊಡಲಿಲ್ಲ ಎಂದು ಆ ಮನೆಯ ಒಳಗಿನವರೇ ಒಬ್ಬರು ಬರೆದುಕೊಟ್ಟರೆ ಯಾವ ಫೋನೂ ನಡೆಯುವುದಿಲ್ಲ.

ಇನ್ನೊಂದು ಕಾರಣ ಫೋನುಗಳದ್ದಲ್ಲ, ನನ್ನದು. ಹಿಂದೆ ಒಂದು ಊರಿನಲ್ಲಿ ಇಂಥದೇ ಒಂದು ಮನೆ ಮುಚ್ಚಿಸಿದೆ. ಆದೇಶ ಸರಿಯಾಗಿತ್ತು. ಮರುದಿನ ಅಲ್ಲಿದ್ದವರಲ್ಲಿ ಅರ್ಧ ಮಂದಿ ಸ್ಟೇಶನ್ನಿನ ಮೆಟ್ಟಿಲ ಮೇಲೆ ಕೂತಿದ್ದರು. ಪುಣೆಯ ಸರಕಾರಿ ವಸತಿಗೃಹದಲ್ಲಿ ಈಗ ನಾಲ್ಕೈದು ಜನಕ್ಕಿಂತ ಹೆಚ್ಚಿಗೆ ಜಾಗವಿಲ್ಲ. ಉಳಿದವರನ್ನು ಎಲ್ಲಿ ಕೂಡಿಸಲಿ? ಬಾಗಿಲಿಗೆ ಸೀಲು ಹಾಕುವುದಕ್ಕೆ ನನಗೆ ಅಧಿಕಾರವಿದೆ. ಅವರಿಗೆ ಒಂದು ಸೂರು ಹುಟ್ಟಿಸುವ ಅಧಿಕಾರ ಯಾರೂ ಕೊಟ್ಟಿಲ್ಲ.

ಲೀಲಾ ಪಾಠಕ


ಚಾಟಿ ಗಲ್ಲಿ, ಸೊಲ್ಲಾಪುರ
೨೦ ಜನವರಿ ೧೯೭೮

ಸಾತಲಿಂಗಪ್ಪನಿಗೆ,

ರತ್ನಾಬಾಯಿ ಸಂಕ್ರಾಂತಿಯ ಎಳ್ಳು ಕೊಡಲು ಬಂದವಳು ಇನ್ನೂ ನನ್ನ ಹತ್ತಿರವೇ ಇದ್ದಾಳೆ. ಕಾರಣ ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಬುಧವಾರ ಅವಳು ಸಮಾಜ ಕಲ್ಯಾಣ ಕಚೇರಿಗೆ ಹೋಗಿ, ಆ ಸಂಜೆ ನಡೆದದ್ದನ್ನೆಲ್ಲ ಹೇಳಿ ಸಹಿ ಮಾಡಿದಳು. ಒತ್ತಾಯ ಮಾಡಿ ಕರೆದುಕೊಂಡು ಹೋದೆ ಎಂದು ನೀನು ತಿಳಿಯುತ್ತೀಯ. ನಾನು ಲೀಲಾಬಾಯಿಯ ಕಾಗದ ಓದಿ ಹೇಳಿದೆ, ಅಷ್ಟೇ. ಎರಡು ದಿನ ಅವಳು ಅಡುಗೆಮನೆ ಬಿಟ್ಟು ಈಚೆ ಬರಲಿಲ್ಲ. ಮೂರನೆಯ ದಿನ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು ಬಂದು ಬಾಗಿಲಲ್ಲಿ ನಿಂತಳು.

ದಾರಿಯಲ್ಲಿ ಒಮ್ಮೆ ಕೇಳಿದಳು. “ಅಕ್ಕಾರ, ಅವರು ನನ್ನನ್ನ ಮನಿಗಿ ಸೇರಸ್ಕೊಳ್ಳಲಿಲ್ಲಂದ್ರ?”

“ನನ್ನ ಮನಿ ಐತಿ. ಅವನ ಕೈಯಾಗಿನ ಅಡಗಿ ಅವನ ಎಷ್ಟ ದಿನ ಉಣ್ತಾನ? ಒಂದಿನ ಊಟಕ್ಕ ಬರ್ತಾನ,” ಎಂದೆ.

ಅವಳ ಮೇಲೆ ದನಿ ಎತ್ತಿದೆಯೋ, ಮೊದಲು ನನ್ನ ಮುಂದೆ ಎತ್ತಬೇಕಾಗುತ್ತದೆ.

ಮುದುಕಿಯರು ಎಲ್ಲಿಗೆ ಹೋಗುತ್ತಾರೆ ಎಂದು ನೀನು ಕೇಳಿದ್ದೆ. ಲೀಲಾಬಾಯಿಯೂ ಅದನ್ನೇ ಕೇಳಿದಳು. ನೀನು ಕೇಳಿದ್ದು ಬೇರೆ, ಅವಳು ಕೇಳಿದ್ದು ಬೇರೆ. ನಮ್ಮ ಮಾಳಿಗೆಯನ್ನು ಖಾಲಿ ಮಾಡಿಸುತ್ತಿದ್ದೇನೆ. ಅಲ್ಲಿ ಮಾರುವ ಚಾದರಗಳನ್ನು ಇಟ್ಟಿದ್ದ ಬಸವರಾಜ ಕೆಂಪಗಾಗಿದ್ದಾನೆ.

“ಅವ್ವಾ, ಚಾದರದ ಗಂಟು ಎಲ್ಲಿಡಲಿ?”

“ನಿನ್ನ ಖೋಲ್ಯಾಗ ಇಡು.”

“ಗಿರಾಕಿ ಬಂದ್ರ ಮುದುಕ್ಯಾರನ್ನ ದಾಟಿ ಒಳಗ ಬರಬೇಕೇನು?”

“ಬರಲಿ. ಒಂದ ಚಾದರ ಹೆಚ್ಚಿಗಿ ಕೊಳ್ತಾರ.”

ಇವತ್ತು ಅವನೇ ಗಂಟು ಹೊರುತ್ತಿದ್ದಾನೆ. ಊಟಕ್ಕೆ ಕೂತಾಗ ನನ್ನ ಜೊತೆ ಮಾತಿಲ್ಲ. ಅದೂ ಮನೆಗೆ ಒಳ್ಳೆಯದೇ.

ಅಕ್ಕನಾಗಮ್ಮ


ಚಾಟಿ ಗಲ್ಲಿ, ಸೊಲ್ಲಾಪುರ
೨೩ ಫೆಬ್ರವರಿ ೧೯೭೮

ಸಾತಲಿಂಗಪ್ಪನಿಗೆ,

ಮೊನ್ನೆ ನೀನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೇ ಕೂತೆ. ಹತ್ತು ಹೆಜ್ಜೆ ಬಂದಿದ್ದರೆ ನೋಡಬಹುದಿತ್ತು. ಬರಲಿಲ್ಲವಾದ್ದರಿಂದ ನಡೆದದ್ದನ್ನು ಬರೆದು ಕಳಿಸುತ್ತೇನೆ. ಊರಿನ ಬಾಯಿಂದ ಕೇಳುವುದಕ್ಕಿಂತ ಇದು ಮೇಲು.

ಮಾಮಲೇದಾರರು, ಇಬ್ಬರು ಪೋಲೀಸರು, ಲೀಲಾಬಾಯಿ. ಆದೇಶವನ್ನು ಮರಾಠಿಯಲ್ಲಿ ಓದಿದರು. ಉದ್ದ ಇತ್ತು. ಹೆಂಗಸರಿಗೆ ಏನೂ ತಿಳಿಯಲಿಲ್ಲ, ಗಂಟುಮೂಟೆ ಹಿಡಿದು ಗೋಡೆಗೆ ಅಂಟಿ ನಿಂತಿದ್ದರು. ಲೀಲಾಬಾಯಿ ಕಾಗದ ಮಡಚಿ ತನ್ನ ಕನ್ನಡದಲ್ಲಿ ಹೇಳಿದಳು. “ಈ ಮನ್ಯಾಗ ನಿಮ್ಮ ಜೀವಕ್ಕ ಧೋಕಾ ಐತಿ. ಇನ್ನ ಯಾರನ್ನೂ ಇಲ್ಲಿ ಇಡಬಾರದು ಅಂತ ಸರಕಾರ ಹೇಳತೈತಿ.”

“ಇಷ್ಟ ಹೇಳಾಕ ಸರಕಾರಕ್ಕ ಇಷ್ಟ ದಿನ ಬೇಕಾತೇನ್ರಿ?” ಎಂದಳು ಗುರುಲಿಂಗಮ್ಮ. ಪೋಲೀಸನೊಬ್ಬ ನಕ್ಕ. ಮಾಮಲೇದಾರರು ನಗಲಿಲ್ಲ. ಲೀಲಾಬಾಯಿ, “ಹೌದ್ರಿ, ತಡ ಆತು,” ಎಂದಳು. ಅಧಿಕಾರಿಗಳ ಬಾಯಲ್ಲಿ ನಾನು ಈ ಮಾತನ್ನು ಮೊದಲ ಸಲ ಕೇಳಿದೆ.

ನಂತರ ಒಬ್ಬೊಬ್ಬರನ್ನೇ ಕರೆದು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದಳು. ನಾವು ಇಷ್ಟು ವರ್ಷ ಅನ್ನ ಹಾಕಿದೆವು, ಹೀಗೆ ಕರೆದು ಕೇಳಿದ್ದು ನನಗೆ ನೆನಪಿಲ್ಲ. ಕುರನೂರಿನವಳೊಬ್ಬಳನ್ನು ಕರೆದೊಯ್ಯಲು ಅಣ್ಣನ ಮಗ ಬಂದಿದ್ದ. ನಾಲ್ವರು ಪುಣೆಯ ಸರಕಾರಿ ಮನೆ ಆರಿಸಿಕೊಂಡರು. ಉಳಿದವರು ನನ್ನನ್ನು ನೋಡದೆ ಗುರುಲಿಂಗಮ್ಮನನ್ನು ನೋಡಿದರು. ಅವಳು ಎಲ್ಲಿಗೋ ಅವರೂ ಅಲ್ಲಿಗೆ.

“ಸೊಲ್ಲಾಪುರಕ್ಕ ನಮ್ಮ ಮನಿಗಿ ನಡೀರಿ,” ಎಂದೆ. “ಮಾಳಗಿ ತೊಳಸೀನಿ. ನೆಳ್ಳ ಐತಿ, ನೀರ ಐತಿ.”

“ಒಲ್ಲೆ,” ಎಂದಳು.

ನನ್ನ ಮುಖದ ಮೇಲೆ. ಮಾಮಲೇದಾರರ ಎದುರು, ಅರ್ಧ ಊರಿನ ಎದುರು.

“ಯಾಕ?”

“ಸಿಟ್ಟಾಗಬ್ಯಾಡ್ರಿ, ಅವ್ವಾರ. ನೀವು ಕೆಟ್ಟಾಕಿ ಅಂತ ಅಲ್ಲ. ಈ ಮನಿ ಮಾಡಿದ ನಿಮ್ಮ ಯಜಮಾನ್ರೂ ಕೆಟ್ಟಾವ್ರಲ್ಲ. ಚಲೋ ಮಂದಿ ಮನ್ಯಾಗ ಇದ್ದು ಕೈ ಸುಟಗೊಂಡೀನಿ.” ಅವಳು ಲೀಲಾಬಾಯಿಯ ಕಡೆ ತಿರುಗಿದಳು. “ಈ ಬಾಯಿಗೆ ನಿಮ್ಮ ಮನಿನೂ ಮುಚ್ಚೋ ಹಕ್ಕ ಐತೇನ್ರಿ? ಇದ್ರ ಬರ್ತೀನಿ. ಇಲ್ಲಂದ್ರ ಸ್ವಾಮಿಗಳ ಮಠದ ಕಟ್ಟೀನ ಚಲೋ. ಅದಕ್ಕ ಬಾಗಲ ಇಲ್ಲ.”

ಲೀಲಾಬಾಯಿ ನೆಲ ನೋಡುತ್ತಿದ್ದಳು. ಖಾಸಗಿ ಮನೆಗೆ ಆ ಕಾಯದೆ ತಾನಾಗಿ ಹತ್ತುವುದಿಲ್ಲ, ಮನೆಯವರು ವಸತಿಗೃಹ ಎಂದು ಮಾನ್ಯತೆಗೆ ಅರ್ಜಿ ಹಾಕಿಕೊಂಡರೆ ಮಾತ್ರ ಎಂದು ಕೊನೆಗೆ ಹೇಳಿದಳು.

ನಾನು ಏನು ಉತ್ತರ ಕೊಟ್ಟೆ ಎಂದು ನಿನಗೆ ಹತ್ತು ಮಂದಿ ಹತ್ತು ರೀತಿ ಹೇಳಿರುತ್ತಾರೆ. “ಆಗಲಿ” ಎಂದೆ. ಬೇರೆ ಏನೂ ಹೇಳಲಿಲ್ಲ.

ಅತ್ತೆಯವರ ಹೆಸರಿನ ಫಲಕವನ್ನು ಸೀಲು ಹಾಕುವ ಮೊದಲು ನಾನೇ ಇಳಿಸಿದೆ. ಮುಚ್ಚಿದ ಬಾಗಿಲ ಮೇಲೆ ಅವರ ಹೆಸರು ಇರುವುದು ಬೇಡ. ನಿನ್ನ ಅಂಗಡಿಯ ಗೋಡೆಗೆ ಆನಿಸಿ ಇಟ್ಟಿದ್ದೇನೆ. ನೀನು ಒಳಗಿನಿಂದ ನೋಡಿರಬೇಕು.

ಗೋದೂಬಾಯಿಯ ವಿಷಯದಲ್ಲಿ ಪೋಲೀಸರು ನಿನ್ನನ್ನೂ ನನ್ನನ್ನೂ ಕರೆಯುತ್ತಾರೆ. ವಕೀಲರನ್ನು ಕೇಳಿ ಮಾತಾಡಬೇಡ, ನಡೆದದ್ದನ್ನು ಮಾತಾಡು. ನಾನೂ ಅದನ್ನೇ ಮಾಡುತ್ತೇನೆ.

ರತ್ನಾಬಾಯಿ ಶುಕ್ರವಾರದ ಬಸ್ಸಿಗೆ ಬರುತ್ತಾಳೆ. ತಾನಾಗಿಯೇ ಹೊರಟಿದ್ದಾಳೆ. ನೀನು ಸ್ಟ್ಯಾಂಡಿಗೆ ಬಂದು ಅವಳ ಕೈಯಿಂದ ಚೀಲ ತೆಗೆದುಕೊಳ್ಳಬೇಕು. ನಿನ್ನ ಅಣ್ಣನಾಗಿದ್ದರೆ ತೆಗೆದುಕೊಳ್ಳುತ್ತಿದ್ದರು.

ಅಕ್ಕನಾಗಮ್ಮ


ಚಾಟಿ ಗಲ್ಲಿ, ಸೊಲ್ಲಾಪುರ
೬ ಮಾರ್ಚ್ ೧೯೭೮

ಸಮಾಜ ಕಲ್ಯಾಣ ಅಧಿಕಾರಿ ಲೀಲಾಬಾಯಿ ಪಾಠಕ ಅವರಿಗೆ,

ಮಾನ್ಯತೆಯ ಅರ್ಜಿಯನ್ನು ಇದರ ಜೊತೆ ಕಳಿಸಿದ್ದೇನೆ. ಕಚೇರಿಗಾಗಿ ಮರಾಠಿಯಲ್ಲಿ ಬಸವರಾಜ ತುಂಬಿದ್ದಾನೆ. ತನ್ನ ಮನೆಯನ್ನು ತಾನೇ ಸರಕಾರದ ಕೈಗೆ ಕೊಡುವ ಮಂದಿಯನ್ನು ನೋಡಿಲ್ಲ ಎಂದು ಗೊಣಗುತ್ತ ತುಂಬಿದ. ಅಕ್ಷರ ಚೆನ್ನಾಗಿದೆ.

ಸದ್ಯ ಇಲ್ಲಿ ಹದಿನೇಳು ಹೆಂಗಸರಿದ್ದಾರೆ. ಮಾನ್ಯತೆ ಬರುವತನಕ ಅವರು ನನ್ನ ಅತಿಥಿಗಳು ಎಂದು ನೀವೇ ದಾರಿ ತೋರಿಸಿದ್ದೀರಿ. ಗುರುಲಿಂಗಮ್ಮ ಮಾತ್ರ ತನ್ನ ಗಂಟು ಬಿಚ್ಚಿಲ್ಲ. ತಲೆದಿಂಬಿನ ಪಕ್ಕದಲ್ಲಿ ಕಟ್ಟಿದ ಹಾಗೆಯೇ ಇಟ್ಟುಕೊಂಡಿದ್ದಾಳೆ. ಕಾಗದ ಬಂತೇನ್ರಿ ಎಂದು ದಿನಾ ಬೆಳಿಗ್ಗೆ ಕೇಳುತ್ತಾಳೆ. ಬರುವತನಕ ಬಿಚ್ಚು ಎಂದು ನಾನು ಹೇಳುವುದಿಲ್ಲ. ಆದ್ದರಿಂದ ಬೇಗ ಬನ್ನಿ.

ಮಾಳಿಗೆಗೆ ಒಂದು ಮೆಟ್ಟಿಲಿತ್ತು. ಹಿತ್ತಲ ಕಡೆಗೆ ಇನ್ನೊಂದನ್ನು ಕಟ್ಟಿಸುತ್ತಿದ್ದೇನೆ, ಗವಂಡಿ ಕೆಲಸ ಮಾಡುತ್ತಿದ್ದಾನೆ. ಎರಡು ಕಿಡಕಿಗಳ ಸರಳು ತೆಗೆಸಿದ್ದೇನೆ. ಅಡುಗೆ ಕೆಳಗೆ, ಮಲಗುವುದು ಮೇಲೆ. ಇದು ಸಾಕೋ ಇಲ್ಲವೋ ನೋಡಬೇಕಾದವರು ನೀವು. ನನಗೆ ಸಾಕು ಎನ್ನಿಸುತ್ತದೆ. ನನಗೆ ಹಾಗೆ ಎನ್ನಿಸುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಂದು ವಿನಂತಿಯಿದೆ. ಬರುವ ದಿನ ಹೇಳಿ ಕಳಿಸಬೇಡಿ. ಹೇಳಿದರೆ ನಾನು ನೆಲ ಸಾರಿಸಿ, ಹೊಸ ಬಣ್ಣ ಬಳಿಸಿ, ಬಾಗಿಲಲ್ಲಿ ನಿಂತಿರುತ್ತೇನೆ. ಹೇಳದೆ ಬನ್ನಿ. ನಾನು ಉಣ್ಣುವಾಗ ಬನ್ನಿ, ಪೂಜೆಗೆ ಕೂತಾಗ ಬನ್ನಿ. ಅಡ್ಡ ನಿಂತು ಏನಾದರೂ ದೊಡ್ಡ ಮಾತಾಡಿದರೆ ನನ್ನನ್ನು ಸರಿಸಿ ಒಳಗೆ ಹೋಗಿ. ಹೆಂಗಸರ ಹತ್ತಿರ ಮಾತಾಡುವಾಗ ನನ್ನನ್ನು ಹೊರಗೆ ಕಳಿಸಿ. ಹೋಗುತ್ತೇನೆ.

ತಪ್ಪು ಕಂಡರೆ ಬರೆದು ಕೊಡಿ, ತಿದ್ದುತ್ತೇನೆ. ತಿದ್ದದೆ ಕೂತರೆ ಮುಚ್ಚಿ. ನಾನು ಯಾರ ಹೆಂಡತಿ, ಯಾರ ಸೊಸೆ, ಎಷ್ಟು ವರ್ಷ ಅನ್ನ ಹಾಕಿದ್ದೇನೆ ಎಂದು ಯಾರಾದರೂ ನಿಮಗೆ ಫೋನು ಮಾಡಿದರೆ ಈ ಕಾಗದ ತೋರಿಸಿ. ಹೋದ ಸಲದ ಹಾಗೆ ನಾಲ್ಕು ತಿಂಗಳು ಕಾಯಬೇಡಿ.

ಅಕ್ಕನಾಗಮ್ಮ
ಅರ್ಜಿದಾರಳು